ಸೀಸ ಕುಡಿದ ಶತಮಾನ

1924ರ ಅಕ್ಟೋಬರ್ 30. ನ್ಯೂಯಾರ್ಕ್‌ನ ಒಂದು ಕಚೇರಿಯಲ್ಲಿ ಪತ್ರಕರ್ತರು ಸೇರಿದ್ದಾರೆ. ಅವರ ಮುಂದೆ ನಿಂತವನು ಒಬ್ಬ ಇಂಜಿನಿಯರ್. ಆತ ಒಂದು ದ್ರವ ತರಿಸಿದ. ಅದನ್ನು ಎರಡೂ ಕೈ ಮೇಲೆ ಸುರಿದುಕೊಂಡು, ಊಟಕ್ಕೆ ಮುಂಚೆ ಕೈ ತೊಳೀತೀವಲ್ಲ, ಹಾಗೆ ತಿಕ್ಕಿ ಒರೆಸಿಕೊಂಡ. ಆಮೇಲೆ ಬಾಟಲಿಯನ್ನು ಮೂಗಿನ ಹತ್ತಿರ ಹಿಡಿದು ಒಂದು ನಿಮಿಷ ಅದರ ಆವಿ ಎಳೆದುಕೊಂಡ. ದಿನಾ ಹೀಗೆ ಮಾಡಿದರೂ ತನಗೇನೂ ಆಗುವುದಿಲ್ಲ ಎಂದ.

ಆತನ ಹೆಸರು ಥಾಮಸ್ ಮಿಜ್ಲಿ. ಕೈ ಮೇಲೆ ಸುರಿದುಕೊಂಡಿದ್ದು ಟೆಟ್ರಾ ಈಥೈಲ್ ಲೆಡ್. ಲೆಡ್ ಅಂದರೆ ಸೀಸ. ನಿಮ್ಮ ಸ್ಕೂಟರ್, ನಿಮ್ಮಪ್ಪನ ಸ್ಕೂಟರ್, ಬಾಡಿಗೆ ಆಟೋ, ಅಂಬಾಸಿಡರ್ ಕಾರು, ಇವೆಲ್ಲದರ ಪೆಟ್ರೋಲಿನಲ್ಲಿ ದಶಕಗಳ ಕಾಲ ಇದ್ದದ್ದು ಇದೇ ವಸ್ತು.

ಈ ಪ್ರದರ್ಶನದ ಅಗತ್ಯ ಯಾಕೆ ಬಂತು? ಯಾಕೆಂದರೆ ಅಲ್ಲಿಂದ ಸ್ವಲ್ಪವೇ ದೂರದಲ್ಲಿ, ನ್ಯೂಜೆರ್ಸಿಯ ಬೇವೇ ರಿಫೈನರಿಯಲ್ಲಿ, ಅದೇ ದ್ರವ ತಯಾರಿಸುತ್ತಿದ್ದ ಕಾರ್ಮಿಕರು ಸಾಯುತ್ತಿದ್ದರು. ಕೆಲವೇ ದಿನಗಳಲ್ಲಿ ಐದು ಜನ ಹೋದರು. ಮೂವತ್ತಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಎಂಥ ಸಾವು ಗೊತ್ತಾ? ಇಲ್ಲದವರನ್ನು ಕಂಡು ಕೂಗುತ್ತಿದ್ದರು. ಕೈಕಾಲು ಬಿಗಿದು ಆಸ್ಪತ್ರೆಗೆ ಸಾಗಿಸಬೇಕಾಯಿತು. ಕಾರ್ಮಿಕರೇ ಅದಕ್ಕೆ ಹುಚ್ಚು ಹಿಡಿಸುವ ಗ್ಯಾಸ್ ಅಂತ ಹೆಸರಿಟ್ಟಿದ್ದರು. ಅದೇ ರಾಜ್ಯದ ಡೀಪ್‌ವಾಟರ್‌ನಲ್ಲಿ ಡ್ಯುಪಾಂಟ್ ಕಂಪನಿಯ ಇನ್ನೊಂದು ಕಾರ್ಖಾನೆಯಿತ್ತು. ಅಲ್ಲಿ ಕೆಲಸಗಾರರಿಗೆ ಗಾಳಿಯಲ್ಲಿ ರೆಕ್ಕೆಯ ಹುಳುಗಳು ಹಾರಾಡಿದಂತೆ ಕಾಣುತ್ತಿತ್ತು. ಇಲ್ಲದ ಹುಳುವನ್ನು ಕೈಯಿಂದ ಓಡಿಸುತ್ತಿದ್ದರು. ಹಾಗಾಗಿ ಆ ಕಟ್ಟಡಕ್ಕೆ ಚಿಟ್ಟೆಗಳ ಮನೆ ಎಂಬ ಹೆಸರು ಬಿತ್ತು.

ಇನ್ನೊಂದು ಮಾತು. ಪತ್ರಕರ್ತರ ಮುಂದೆ ಕೈ ತೊಳೆದುಕೊಂಡ ಮಿಜ್ಲಿಗೆ ಆ ದ್ರವ ಏನು ಮಾಡುತ್ತದೆ ಎಂದು ಚೆನ್ನಾಗಿಯೇ ಗೊತ್ತಿತ್ತು. ಹಿಂದಿನ ವರ್ಷ, 1923ರ ಆರಂಭದಲ್ಲಿ, ಆತನಿಗೇ ಸೀಸದ ವಿಷ ಏರಿತ್ತು. ಕೆಲಸ ಬಿಟ್ಟು ಫ್ಲಾರಿಡಾಕ್ಕೆ ಹೋಗಿ ವಾರಗಟ್ಟಲೆ ಗಾಳಿ ಬದಲಾಯಿಸಿಕೊಂಡು ಬಂದಿದ್ದ.

ಹಾಗಿದ್ದರೂ ಯಾಕೆ? ಅದಕ್ಕೆ ಸ್ವಲ್ಪ ಎಂಜಿನ್ ಕಥೆ ಹೇಳಬೇಕು.

ನಾನು ಇಂಜಿನಿಯರಿಂಗ್ ಓದಿದವನು. ಆಮೇಲೆ ಮೈಕ್ ಹಿಡಿದೆ, ಅದು ಬೇರೆ ವಿಷಯ. ಐಸಿ ಎಂಜಿನ್ ಪಾಠದಲ್ಲಿ ನಾಕಿಂಗ್ ಅಂತ ಒಂದು ಅಧ್ಯಾಯ ಬರುತ್ತದೆ. ಸಿಲಿಂಡರಿನೊಳಗೆ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಒತ್ತಿ, ಸ್ಪಾರ್ಕ್ ಕೊಟ್ಟು ಉರಿಸಬೇಕು. ಬೆಂಕಿ ಸ್ಪಾರ್ಕಿನಿಂದ ಶುರುವಾಗಿ ಒಂದೇ ಸಮನೆ ಹರಡಬೇಕು. ಆದರೆ ಪೆಟ್ರೋಲ್ ಕಳಪೆಯಾಗಿದ್ದರೆ, ಬೆಂಕಿ ತಲುಪುವ ಮೊದಲೇ ಮೂಲೆಯಲ್ಲಿರುವ ಮಿಶ್ರಣ ತನ್ನಷ್ಟಕ್ಕೆ ಸಿಡಿಯುತ್ತದೆ. ಒಳಗೆ ಸುತ್ತಿಗೆಯಿಂದ ಹೊಡೆದ ಹಾಗೆ ಟಕ ಟಕ ಸದ್ದು. ಶಕ್ತಿ ನಷ್ಟ, ಎಂಜಿನ್ನಿಗೂ ಪೆಟ್ಟು. ಮಿಶ್ರಣವನ್ನು ಹೆಚ್ಚು ಒತ್ತಿದಷ್ಟೂ ಎಂಜಿನ್ ಬಲಶಾಲಿ. ಆದರೆ ಒತ್ತಿದಷ್ಟೂ ನಾಕಿಂಗ್ ಕಾಟ. 1920ರ ಹೊತ್ತಿಗೆ ಇಡೀ ಅಮೆರಿಕದ ಕಾರು ಉದ್ಯಮ ಈ ಗೋಡೆಗೆ ತಲೆ ಕೊಟ್ಟು ನಿಂತಿತ್ತು.

ಗೋಡೆ ಒಡೆಯುವ ಕೆಲಸವನ್ನು ಜನರಲ್ ಮೋಟಾರ್ಸ್‌ನ ಸಂಶೋಧನಾ ಮುಖ್ಯಸ್ಥ ಚಾರ್ಲ್ಸ್ ಕೆಟರಿಂಗ್ ತನ್ನ ಹುಡುಗ ಮಿಜ್ಲಿಗೆ ವಹಿಸಿದ. ಕಾರಿಗೆ ಎಲೆಕ್ಟ್ರಿಕ್ ಸೆಲ್ಫ್ ಸ್ಟಾರ್ಟರ್ ಕೊಟ್ಟ ಮಹಾಶಯ ಈ ಕೆಟರಿಂಗ್. ಮಿಜ್ಲಿ ಓದಿದ್ದು ಕಾರ್ನೆಲ್‌ನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್. ಕೆಮಿಸ್ಟ್ರಿ ತಾನೇ ಕಲಿತುಕೊಂಡ. ಸಿಕ್ಕಿದ್ದನ್ನೆಲ್ಲಾ ಪೆಟ್ರೋಲಿಗೆ ಬೆರೆಸಿ ನೋಡಿದ. 1921ರ ಡಿಸೆಂಬರ್ 9ರಂದು ಒಹಾಯೋದ ಡೇಟನ್‌ನಲ್ಲಿ ಟೆಟ್ರಾ ಈಥೈಲ್ ಲೆಡ್ ಹಾಕಿದ. ಟಕ ಟಕ ಸದ್ದು ನಿಂತೇಹೋಯಿತು. ಒಂದು ಗ್ಯಾಲನ್‌ಗೆ ಚಿಟಿಕೆಯಷ್ಟು ಸಾಕು. ಆಗ ಮಿಜ್ಲಿಗೆ 32 ವರ್ಷ. ಸುಮಾರು ನನ್ನದೇ ವಯಸ್ಸು. ಆ ಕ್ಷಣದ ಅವನ ಖುಷಿ ನನಗೆ ಅರ್ಥವಾಗುತ್ತದೆ.

ಆದರೆ ಒಂದು ವಿಷಯ ಗಮನಿಸಿ. ನಾಕಿಂಗ್ ನಿಲ್ಲಿಸೋ ಇನ್ನೊಂದು ವಸ್ತು ಮಿಜ್ಲಿಗೆ ಆಗಲೇ ಗೊತ್ತಿತ್ತು. ಆಲ್ಕೋಹಾಲ್. ಎಥೆನಾಲ್! ಪೆಟ್ರೋಲಿಗೆ ಆಲ್ಕೋಹಾಲ್ ಬೆರೆಸುವ ಬಗ್ಗೆ ಆತನೇ ಕೆಲಸ ಮಾಡಿದ್ದ. ತೊಂದರೆ ಏನು ಅಂದ್ರೆ, ಎಥೆನಾಲನ್ನು ಯಾವ ರೈತ ಬೇಕಾದರೂ ಧಾನ್ಯ ಕೊಳೆಸಿ ಬಟ್ಟಿ ಇಳಿಸಬಲ್ಲ. ಅದರ ಮೇಲೆ ಹಕ್ಕು ಸ್ಥಾಪಿಸೋದು ಹೇಗೆ? ಬೆರೆಸಬೇಕಾದ ಪ್ರಮಾಣವೂ ಜಾಸ್ತಿ. ಅಷ್ಟರಮಟ್ಟಿಗೆ ಪೆಟ್ರೋಲ್ ಮಾರಾಟ ಕಡಿಮೆ. ಸೀಸದ ದ್ರವಕ್ಕೆ ಹಾಗಲ್ಲ. ಚಿಟಿಕೆ ಸಾಕು, ಪೇಟೆಂಟೂ ಸಿಗುತ್ತದೆ. ಯಾವುದನ್ನು ಆರಿಸಿಕೊಂಡರು ಅಂತ ಹೇಳಬೇಕಾಗಿಲ್ಲ. ನೂರು ವರ್ಷದ ನಂತರ, 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ ಪ್ರಧಾನಿಯವರು ಶೇಕಡಾ 20 ಎಥೆನಾಲ್ ಬೆರೆತ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು. ಇತಿಹಾಸ ಹೇಗೆ ಸುತ್ತಿ ಬರುತ್ತೆ ನೋಡಿ.

ಸೀಸ ವಿಷ ಅಂತ ಆಗಿನವರಿಗೆ ಗೊತ್ತಿರಲಿಲ್ಲ ಅನ್ನೋ ವಾದವೊಂದಿದೆ. ಅದು ಶುದ್ಧ ಸುಳ್ಳು. ಎರಡು ಸಾವಿರ ವರ್ಷದ ಹಿಂದೆಯೇ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್, ಕುಡಿಯುವ ನೀರಿಗೆ ಸೀಸದ ಕೊಳವೆ ಬೇಡ, ಮಣ್ಣಿನ ಕೊಳವೆ ವಾಸಿ ಅಂತ ಬರೆದಿದ್ದ. ಸೀಸ ಕರಗಿಸುವವರ ಮೈ ಬಿಳಚಿಕೊಳ್ಳುವುದನ್ನು ಸಾಕ್ಷಿಯಾಗಿ ಕೊಟ್ಟಿದ್ದ. 1786ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಗೆಳೆಯನಿಗೆ ಬರೆದ ಪತ್ರವೊಂದರಲ್ಲಿ ಸೀಸ ಮುಟ್ಟುವ ಕಸುಬಿನವರ ಕೈಕಾಲು ಬಿದ್ದುಹೋಗುವುದನ್ನು ವಿವರಿಸಿದ್ದಾನೆ. ಅಷ್ಟು ದೂರ ಯಾಕೆ? ಮಿಜ್ಲಿ ತನ್ನ ದ್ರವ ಕಂಡುಹಿಡಿಯುವ ಮೂರೇ ವಾರ ಮುಂಚೆ, 1921ರ ನವೆಂಬರ್‌ನಲ್ಲಿ, ಜಿನೀವಾದಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಒಂದು ಒಪ್ಪಂದ ಅಂಗೀಕರಿಸಿತು. ಕಟ್ಟಡದ ಒಳಗೋಡೆಗೆ ಬಳಿಯುವ ಬಣ್ಣದಲ್ಲಿ ಬಿಳಿ ಸೀಸದ ಬಳಕೆ ನಿಷೇಧಿಸುವ ಒಪ್ಪಂದ ಅದು! ಜಗತ್ತು ಗೋಡೆಯಿಂದ ಸೀಸ ಕೀಳಲು ಹೊರಟಾಗ, ಇವರು ಅದನ್ನು ಗಾಳಿಗೆ ಬಿಡಲು ಹೊರಟರು.

ಗೊತ್ತಿದ್ದರಿಂದಲೇ ಹೆಸರು ಬದಲಾಯಿಸಿದರು. ಬಂಕಿನಲ್ಲಿ ಮಾರಿದ್ದು ‘ಈಥೈಲ್’ ಅಂತ. ಲೆಡ್ ಅನ್ನೋ ಪದವೇ ಮಾಯ! 1923ರ ಫೆಬ್ರವರಿಯಲ್ಲಿ ಡೇಟನ್‌ನಲ್ಲಿ ಮಾರಾಟ ಶುರು. 1924ರಲ್ಲಿ ಜನರಲ್ ಮೋಟಾರ್ಸ್ ಮತ್ತು ಸ್ಟ್ಯಾಂಡರ್ಡ್ ಆಯಿಲ್ ಸೇರಿ ಈಥೈಲ್ ಕಾರ್ಪೊರೇಷನ್ ಕಟ್ಟಿದವು. ಬೇವೇ ಸಾವುಗಳಾದಾಗ ನ್ಯೂಯಾರ್ಕ್ ನಗರ ಮಾರಾಟ ನಿಷೇಧಿಸಿತು. 1925ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ವಾಷಿಂಗ್ಟನ್‌ನಲ್ಲಿ ಸಭೆ ಕರೆಯಿತು. ಅಲ್ಲಿ ಆಲಿಸ್ ಹ್ಯಾಮಿಲ್ಟನ್ ಎದ್ದು ನಿಂತರು. ಹಾರ್ವರ್ಡ್‌ನ ಮೊದಲ ಮಹಿಳಾ ಬೋಧಕಿ, ಕಾರ್ಖಾನೆ ಕಾರ್ಖಾನೆ ಸುತ್ತಿ ಕಾರ್ಮಿಕರ ರೋಗ ದಾಖಲಿಸಿದ ಡಾಕ್ಟರ್. ಕಾರ್ಖಾನೆಯೊಳಗಿನ ಸೀಸವನ್ನೇ ಹಿಡಿತದಲ್ಲಿಡುವುದು ಕಷ್ಟ, ಇನ್ನು ಬೀದಿಗೆ ಬಿಟ್ಟರೆ ಹಿಡಿಯುವವರು ಯಾರು ಎನ್ನುವುದು ಅವರ ವಾದದ ತಿರುಳು. ಸಮಿತಿ ಕೂತಿತು. ಡೇಟನ್ ಮತ್ತು ಸಿನ್ಸಿನಾಟಿಯ 252 ಗಂಡಸರನ್ನು ಪರೀಕ್ಷಿಸಿತು. ಏಳೇ ತಿಂಗಳು! 1926ರ ಜನವರಿಯಲ್ಲಿ ವರದಿ ಬಂತು: ನಿಷೇಧಿಸಲು ಸಾಕಷ್ಟು ಕಾರಣ ಕಾಣುತ್ತಿಲ್ಲ, ಆದರೆ ಮುಂದೆಯೂ ಅಧ್ಯಯನ ನಡೆಯಬೇಕು.

ಮುಂದಿನ ಅಧ್ಯಯನ ನಡೆಸಿದ್ದು ಯಾರು? ಇಲ್ಲೇ ಇರೋದು ಕಥೆಯ ಜೀವಾಳ.

ರಾಬರ್ಟ್ ಕೀಹೋ ಅನ್ನೋ ಡಾಕ್ಟರ್. ಈಥೈಲ್ ಕಂಪನಿಯ ವೈದ್ಯಕೀಯ ಸಲಹೆಗಾರ. ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಅವನಿಗಾಗಿ ಒಂದು ಪ್ರಯೋಗಾಲಯ, ಅದಕ್ಕೆ ಕೆಟರಿಂಗ್ ಹೆಸರು, ಉದ್ಯಮದ ಹಣ. ಹೆಚ್ಚುಕಡಿಮೆ 40 ವರ್ಷ ಅಮೆರಿಕಕ್ಕೆ, ಆ ಮೂಲಕ ಜಗತ್ತಿಗೆ, ಸೀಸದ ಬಗ್ಗೆ ಕೀಹೋ ಹೇಳಿದ್ದೇ ವೇದವಾಕ್ಯ. ಆತ ದಡ್ಡನಲ್ಲ, ಲೆಕ್ಕ ತಿದ್ದಿದವನೂ ಅಲ್ಲ. ಅಳತೆಗಳನ್ನು ಶ್ರದ್ಧೆಯಿಂದಲೇ ಮಾಡಿದ. ಸೀಸದ ದ್ರವ ಮುಟ್ಟುವ ಕಾರ್ಮಿಕರನ್ನು ಪರೀಕ್ಷಿಸಿದ. ಸೀಸ ಸಿಕ್ಕಿತು. ಮುಟ್ಟದ ಕಾರ್ಮಿಕರನ್ನು ಪರೀಕ್ಷಿಸಿದ. ಅವರಲ್ಲೂ ಸೀಸ! ಮೆಕ್ಸಿಕೋದ ದೂರದ ಹಳ್ಳಿಗೆ ಹೋಗಿ, ಕಾರಿನ ಹೊಗೆಯನ್ನೇ ಕಾಣದ ರೈತರನ್ನು ಪರೀಕ್ಷಿಸಿದ. ಅಲ್ಲೂ ಸೀಸ! ಆಮೇಲೆ ತೀರ್ಮಾನ ಕೊಟ್ಟ. ಸೀಸ ಮನುಷ್ಯನ ದೇಹದಲ್ಲಿ ಸಾಮಾನ್ಯವಾಗಿ ಇರುವಂಥದ್ದೇ. ಬಂದಷ್ಟು ಹೊರಗೆ ಹೋಗುತ್ತದೆ. ರಕ್ತದ ಒಂದು ಡೆಸಿಲೀಟರ್‌ಗೆ 80 ಮೈಕ್ರೋಗ್ರಾಂ ದಾಟುವವರೆಗೂ ಭಯವಿಲ್ಲ. ಹಾನಿ ಅನ್ನುತ್ತೀರಾ? ಪುರಾವೆ ತೋರಿಸಿ.

ಕೇಳೋದಕ್ಕೆ ಎಷ್ಟು ವೈಜ್ಞಾನಿಕ ಅನ್ನಿಸುತ್ತೆ ಅಲ್ವಾ? ಆದರೆ ಆ ಮೆಕ್ಸಿಕೋ ಹಳ್ಳಿಯವರು ಊಟ ಮಾಡುತ್ತಿದ್ದುದು ಸೀಸದ ಮೆರುಗು ಕೊಟ್ಟ ಮಣ್ಣಿನ ತಟ್ಟೆಯಲ್ಲಿ. ಅಮೆರಿಕದ ಕಾರ್ಮಿಕರು ಉಣ್ಣುತ್ತಿದ್ದುದು ಸೀಸದ ಬೆಸುಗೆಯ ಡಬ್ಬಿಯ ಆಹಾರ. ವಿಷ ಉಂಡವರನ್ನು ಇನ್ನಷ್ಟು ವಿಷ ಉಂಡವರ ಜೊತೆ ಹೋಲಿಸಿ, ವ್ಯತ್ಯಾಸ ಇಷ್ಟೇ ಅಂದುಬಿಟ್ಟರೆ? ಊರಿಗೆ ಊರೇ ಕೆಮ್ಮುತ್ತಿದ್ದಾಗ, ಕೆಮ್ಮು ಮನುಷ್ಯನ ಸ್ವಭಾವ ಅಂದ ಹಾಗಾಯಿತು. ಇದನ್ನು ಹಿಡಿಯೋದಕ್ಕೆ ಸೀಸವೇ ಮುಟ್ಟದ ಒಂದು ಜಾಗ ಬೇಕಿತ್ತು. ಅಂಥ ಜಾಗ ಭೂಮಿಯ ಮೇಲೆ ಉಳಿದಿರಲಿಲ್ಲ.

ಅದನ್ನು ಕಟ್ಟಿದವನು ಕ್ಲೇರ್ ಪ್ಯಾಟರ್ಸನ್. ಆತನಿಗೆ ಪೆಟ್ರೋಲಿನ ಚಿಂತೆಯೇ ಇರಲಿಲ್ಲ. ಭೂಮಿಗೆ ಎಷ್ಟು ವಯಸ್ಸು ಅಂತ ಕಂಡುಹಿಡಿಯಲು ಹೊರಟಿದ್ದ. ಲೆಕ್ಕ ಸರಳ. ಯುರೇನಿಯಂ ನಿಧಾನವಾಗಿ ಸೀಸವಾಗುತ್ತದೆ. ಎಷ್ಟು ವೇಗದಲ್ಲಿ ಅಂತ ಗೊತ್ತು. ಕಲ್ಲಿನಲ್ಲಿರುವ ಸೀಸವನ್ನು ನಿಖರವಾಗಿ ಅಳೆದರೆ ಕಾಲ ಸಿಗುತ್ತದೆ. ಆದರೆ 1948ರಲ್ಲಿ ಶಿಕಾಗೋದಲ್ಲಿ ಅಳೆಯಲು ಕೂತರೆ, ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಸೀಸ ಬರುತ್ತಿತ್ತು. ಪಾತ್ರೆ ತೊಳೆದ, ಬೆಂಚು ಉಜ್ಜಿದ. ಆದರೂ ಸೀಸ. ನೀರಿನಲ್ಲಿ, ಆಸಿಡ್‌ನಲ್ಲಿ, ಧೂಳಿನಲ್ಲಿ, ತನ್ನದೇ ಕೂದಲಿನಲ್ಲಿ! ವರ್ಷಗಟ್ಟಲೆ ಒದ್ದಾಡಿ, ಮಡಿ ಮಾಡಿದ ಹಾಗೆ ಪ್ರಯೋಗಾಲಯ ಕಟ್ಟಿದ. ಶೋಧಿಸಿದ ಗಾಳಿ, ಶುದ್ಧೀಕರಿಸಿದ ರಾಸಾಯನಿಕ, ಒಳಗೆ ಬರುವವರಿಗೆ ಬೇರೆಯೇ ಬಟ್ಟೆ. ಕೊನೆಗೆ ಅರಿಜೋನಾದಲ್ಲಿ ಬಿದ್ದ ಉಲ್ಕೆಯ ಚೂರನ್ನೂ ಅಳೆದು ಭೂಮಿಯ ವಯಸ್ಸು ಹೇಳಿದ. 455 ಕೋಟಿ ವರ್ಷ. 1956ರಲ್ಲಿ ಅಚ್ಚಾದ ಆ ಅಂಕಿ ಇವತ್ತಿಗೂ ಹೆಚ್ಚುಕಡಿಮೆ ಹಾಗೇ ನಿಂತಿದೆ.

ಬೇರೆಯವರಾಗಿದ್ದರೆ ಅಲ್ಲಿಗೆ ಸಾಕು ಅನ್ನುತ್ತಿದ್ದರು. ಪ್ಯಾಟರ್ಸನ್ ಸುಮ್ಮನಾಗಲಿಲ್ಲ. ಅಷ್ಟೊಂದು ಸೀಸ ಬಂದಿದ್ದಾದರೂ ಎಲ್ಲಿಂದ? ಸಮುದ್ರದ ನೀರು ತೆಗೆದು ನೋಡಿದ. ಆಳದಲ್ಲಿ ಕಡಿಮೆ, ಮೇಲ್ಮೈಯಲ್ಲಿ ಹೆಚ್ಚು. ಅಂದರೆ ಇತ್ತೀಚೆಗೆ, ಮೇಲಿನಿಂದ ಬೀಳುತ್ತಿದೆ. ಗ್ರೀನ್‌ಲ್ಯಾಂಡಿನ ಮಂಜನ್ನು ಕೊರೆಸಿದ. ಅಲ್ಲಿ ಮಂಜು ವರ್ಷ ವರ್ಷ ಪದರವಾಗಿ ಕೂರುತ್ತದೆ, ಹಳೇ ಲೆಕ್ಕದ ಪುಸ್ತಕದ ಹಾಗೆ. ಕ್ರಿಸ್ತಪೂರ್ವದ ಪದರಕ್ಕೂ 1965ರ ಪದರಕ್ಕೂ ಹೋಲಿಸಿದರೆ ಸೀಸ ನೂರಾರು ಪಟ್ಟು ಏರಿತ್ತು. ಅದರಲ್ಲೂ ಕಡಿದಾದ ಏರಿಕೆ ಕಾರಿನ ಕಾಲದಲ್ಲಿ.

1965ರಲ್ಲಿ ಪ್ಯಾಟರ್ಸನ್ ಬರೆದ ಪ್ರಬಂಧದ ತಾತ್ಪರ್ಯ ಒಂದೇ ಸಾಲಿನಲ್ಲಿ ಹೇಳಬಹುದು. ಸಾಮಾನ್ಯ ಬೇರೆ, ಸಹಜ ಬೇರೆ. ನೀವು ಸಾಮಾನ್ಯ ಅನ್ನುತ್ತಿರುವ ಪ್ರಮಾಣ ಎಲ್ಲರಲ್ಲೂ ಇದೆ, ನಿಜ. ಆದರೆ ಮನುಷ್ಯನ ದೇಹ ಹುಟ್ಟಿಬಂದದ್ದು ಅಷ್ಟು ಸೀಸದ ಜೊತೆಗಲ್ಲ. ಮುಂದೆ ಪೆರುವಿನ ಪುರಾತನ ಅಸ್ಥಿಪಂಜರಗಳನ್ನು ಪರೀಕ್ಷಿಸಿದಾಗ ಅದಕ್ಕೆ ನೇರ ಸಾಕ್ಷಿಯೂ ಸಿಕ್ಕಿತು. ಇಂದಿನ ಮೂಳೆಗಳಲ್ಲಿ ನೂರಾರು ಪಟ್ಟು ಹೆಚ್ಚು ಸೀಸ.

ಬಹುಮಾನ ಏನು ಸಿಕ್ಕಿತು ಗೊತ್ತಾ? ಪೆಟ್ರೋಲಿಯಂ ಉದ್ಯಮದಿಂದ ಬರುತ್ತಿದ್ದ ಸಂಶೋಧನಾ ಹಣ ನಿಂತಿತು. ಸರ್ಕಾರಿ ಆರೋಗ್ಯ ಇಲಾಖೆಯ ಒಪ್ಪಂದವೂ ಮುಂದುವರಿಯಲಿಲ್ಲ. 1971ರಲ್ಲಿ ಗಾಳಿಯಲ್ಲಿನ ಸೀಸದ ಬಗ್ಗೆ ರಾಷ್ಟ್ರೀಯ ಸಮಿತಿ ವರದಿ ಕೊಟ್ಟಾಗ, ಆ ವಿಷಯದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಬಲ್ಲವನಾಗಿದ್ದ ಪ್ಯಾಟರ್ಸನ್‌ಗೆ ಅದರಲ್ಲಿ ಜಾಗವೇ ಇರಲಿಲ್ಲ.

ಅಷ್ಟಕ್ಕೂ ಸೀಸ ಒಳಗೆ ಹೋಗಿ ಮಾಡೋದೇನು? ಅದು ಕ್ಯಾಲ್ಸಿಯಂನ ವೇಷ ಹಾಕಿಕೊಂಡು ಬರುತ್ತದೆ. ದೇಹ ಮೋಸಹೋಗಿ ಬಾಗಿಲು ತೆರೆಯುತ್ತದೆ. ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಕ್ಯಾಲ್ಸಿಯಂ ಬೇಕು, ಆ ಜಾಗದಲ್ಲಿ ಸೀಸ ಕೂತು ಸುದ್ದಿ ಕೆಡಿಸುತ್ತದೆ. ರಕ್ತಕ್ಕೆ ಕೆಂಪು ಕೊಡುವ ಹೀಮ್ ತಯಾರಾಗದಂತೆ ತಡೆಯುತ್ತದೆ. ಮೂಳೆಯೊಳಗೆ ಸೇರಿ ದಶಕಗಳ ಕಾಲ ಅವಿತಿರುತ್ತದೆ. ತಾಯಿ ಬಸುರಿಯಾದಾಗ ಮೂಳೆಯಿಂದ ಹೊರಟು ಮಗುವಿಗೆ ದಾಟುತ್ತದೆ. ದೊಡ್ಡವರು ಹೀರಿಕೊಳ್ಳುವುದರ ನಾಲ್ಕೈದು ಪಟ್ಟು ಮಕ್ಕಳು ಹೀರಿಕೊಳ್ಳುತ್ತಾರೆ. 1979ರಲ್ಲಿ ಹರ್ಬರ್ಟ್ ನೀಡಲ್‌ಮನ್ ಎಂಬ ವೈದ್ಯ ಬಾಸ್ಟನ್ ಪಕ್ಕದ ಶಾಲೆಗಳಲ್ಲಿ ಮಕ್ಕಳ ಉದುರಿದ ಹಾಲುಹಲ್ಲು ಸಂಗ್ರಹಿಸಿ ಅಳೆದ ಫಲಿತಾಂಶ ಪ್ರಕಟವಾಯಿತು. ಹಲ್ಲಿನಲ್ಲಿ ಸೀಸ ಹೆಚ್ಚಿದ್ದ ಮಕ್ಕಳ ಬುದ್ಧಿಮತ್ತೆಯ ಅಂಕ ಕಡಿಮೆ, ತರಗತಿಯಲ್ಲಿ ಗಮನವೂ ಕಡಿಮೆ. ಆ ಮಕ್ಕಳಲ್ಲಿ ಯಾರೂ ರೋಗಿಗಳಲ್ಲ! ಯಾವ ಡಾಕ್ಟರ್ ಹತ್ತಿರವೂ ಹೋದವರಲ್ಲ. ಸಾಮಾನ್ಯ ಮಕ್ಕಳು.

ಅಮೆರಿಕ ಕೊನೆಗೂ ಸೀಸ ತೆಗೆಯಲು ಶುರುಮಾಡಿದಾಗಲೂ ಮೊದಲ ಒತ್ತಡ ಬಂದಿದ್ದು ಮಕ್ಕಳ ಹಲ್ಲಿನಿಂದಲ್ಲ. 1970ರ ಶುದ್ಧ ಗಾಳಿ ಕಾಯ್ದೆ ಪಾಲಿಸಲು 1975ರ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಒಳಗೆ ಪ್ಲಾಟಿನಂ. ಸೀಸ ತಗುಲಿದರೆ ಅದು ಕೆಡುತ್ತದೆ. ಮನುಷ್ಯರ ಮಿದುಳಿಗಿಂತ ಮೊದಲು ಕಾರಿನ ಪ್ಲಾಟಿನಂಗೆ ರಕ್ಷಣೆ ಸಿಕ್ಕಿತು! ಆದರೂ ಪರಿಣಾಮ ನೋಡಿ. 1976ರಿಂದ 1980ರೊಳಗೆ ಅಮೆರಿಕನ್ನರ ರಕ್ತದಲ್ಲಿನ ಸರಾಸರಿ ಸೀಸ ಶೇಕಡಾ 37ರಷ್ಟು ಇಳಿಯಿತು. ಬಂಕಿನಲ್ಲಿ ಇಳಿದ ಹಾಗೆ ರಕ್ತದಲ್ಲೂ ಇಳಿಯಿತು. ಕೀಹೋನ 40 ವರ್ಷದ ವಾದ ನಾಲ್ಕು ವರ್ಷದಲ್ಲಿ ನೆಲಕಚ್ಚಿತು.

ಈಗ ನಮ್ಮ ಕಡೆ ಬನ್ನಿ. ಭಾರತದಲ್ಲಿ 1995ರ ಏಪ್ರಿಲ್‌ನಲ್ಲಿ ನಾಲ್ಕು ಮಹಾನಗರಗಳಿಗೆ ಸೀಸರಹಿತ ಪೆಟ್ರೋಲ್ ಬಂತು. ಬೆಂಗಳೂರು ಆ ನಾಲ್ಕರಲ್ಲಿ ಇರಲಿಲ್ಲ. ಅದೇ ದಶಕದ ಕೊನೆಗೆ ಬೆಂಗಳೂರಿನ ಜಾರ್ಜ್ ಫೌಂಡೇಶನ್ ಏಳು ನಗರಗಳಲ್ಲಿ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿತು. ಬೆಂಗಳೂರೂ ಅದರಲ್ಲಿತ್ತು. 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆಗಿನ ಎಚ್ಚರಿಕೆ ಮಟ್ಟವಾದ 10 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸ. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯ ಪ್ರೊಫೆಸರ್ ತುಪ್ಪಿಲ್ ವೆಂಕಟೇಶ್ ಇದನ್ನೇ ಬದುಕಿನ ಕೆಲಸ ಮಾಡಿಕೊಂಡರು. ಸೀಸದ ವಿಷಕ್ಕೆ ದೇಶದ ರಾಷ್ಟ್ರೀಯ ರೆಫರಲ್ ಕೇಂದ್ರ ಇರುವುದು ಇಲ್ಲೇ, ನಮ್ಮೂರಲ್ಲೇ. 2000ದ ಫೆಬ್ರವರಿ 1ರಿಂದ ಇಡೀ ದೇಶದಲ್ಲಿ ಸೀಸದ ಪೆಟ್ರೋಲ್ ಬಂದ್ ಆಯಿತು.

ಲೆಕ್ಕ ಹಾಕಿ. ಇವತ್ತು ಮೂವತ್ತು ದಾಟಿದ ಪ್ರತಿಯೊಬ್ಬ ಕನ್ನಡಿಗನೂ ಆ ಗಾಳಿ ಕುಡಿದು ಬೆಳೆದವನೇ. ಅಪ್ಪನ ಸ್ಕೂಟರಿನಲ್ಲಿ ಮುಂದೆ ನಿಂತು ಹ್ಯಾಂಡಲ್ ಹಿಡಿದು, ಸಿಗ್ನಲ್‌ನಲ್ಲಿ ಮುಂದಿನ ವಾಹನದ ಹೊಗೆಗೆ ಸರಿಯಾಗಿ ಮೂಗು ಕೊಟ್ಟು ಬೆಳೆದ ಪೀಳಿಗೆ ನಮ್ಮದು. ನಮ್ಮಿಂದ ಎಷ್ಟು ಕಸಿದುಕೊಂಡಿತು ಅಂತ ಒಬ್ಬೊಬ್ಬರಾಗಿ ಹೇಳಲು ಯಾವ ಪರೀಕ್ಷೆಯಿಂದಲೂ ಈಗ ಆಗುವುದಿಲ್ಲ. ಈ ವಿಷದ ಕ್ರೌರ್ಯವೇ ಅದು. ಕೊಂದರೆ ಹೆಣ ಸಿಗುತ್ತದೆ, ಕೇಸ್ ಆಗುತ್ತದೆ. ಒಂದಿಡೀ ತರಗತಿಯ ಬುದ್ಧಿ ನಾಲ್ಕಂಕ ಇಳಿದರೆ ದೂರು ಕೊಡುವವರು ಯಾರು?

ಮಿಜ್ಲಿ 1940ರಲ್ಲಿ ಪೋಲಿಯೋಗೆ ತುತ್ತಾದ. ಹಾಸಿಗೆಯಿಂದ ಏಳಲು ಹಗ್ಗ, ರಾಟೆಗಳ ವ್ಯವಸ್ಥೆಯನ್ನು ತಾನೇ ಮಾಡಿಕೊಂಡಿದ್ದ. 1944ರ ನವೆಂಬರ್‌ನಲ್ಲಿ ಅದೇ ಹಗ್ಗಗಳಿಗೆ ಸಿಕ್ಕಿ ಉಸಿರುಗಟ್ಟಿ ಸತ್ತ. ಪ್ಯಾಟರ್ಸನ್ ತೀರಿಕೊಂಡದ್ದು 1995ರ ಡಿಸೆಂಬರ್ 5ರಂದು. ತಿಂಗಳು ತುಂಬುವ ಮೊದಲೇ, 1996ರ ಜನವರಿ 1ರಿಂದ, ಅಮೆರಿಕದ ರಸ್ತೆಗಳಲ್ಲಿ ಸೀಸದ ಪೆಟ್ರೋಲ್ ಸಂಪೂರ್ಣ ನಿಷೇಧವಾಯಿತು. ಜಗತ್ತಿನಲ್ಲಿ ಕಾರಿಗೆ ಅದನ್ನು ಮಾರುತ್ತಿದ್ದ ಕೊನೆಯ ದೇಶ ಆಲ್ಜೀರಿಯಾ. ಅಲ್ಲಿ ನಿಂತಿದ್ದು 2021ರಲ್ಲಿ. ಡೇಟನ್‌ನ ಆ ಡಿಸೆಂಬರಿನಿಂದ ಹೆಚ್ಚುಕಡಿಮೆ ನೂರು ವರ್ಷ.

ಸೀಸ ಪೂರ್ತಿ ಹೋಗಿಲ್ಲ. ಹಳೇ ಬ್ಯಾಟರಿ ಒಡೆದು ಕರಗಿಸುವ ಗಲ್ಲಿಗಳಲ್ಲಿದೆ. ಬಣ್ಣ ಏರಲೆಂದು ಅರಿಶಿನಕ್ಕೆ ಬೆರೆಸುವ ಲೆಡ್ ಕ್ರೋಮೇಟ್‌ನಲ್ಲಿದೆ. ಮನೆಗೆ ಬಳಿಯುವ ಬಣ್ಣದಲ್ಲಿ 90 ಪಿಪಿಎಂ ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ. ಜಿನೀವಾ ಒಪ್ಪಂದದ 96 ವರ್ಷ ನಂತರ! ಇನ್ನು ಮಕ್ಕಳ ರಕ್ತದ ಮಿತಿಯ ಕಥೆ ಕೇಳಿ. ಅಮೆರಿಕದಲ್ಲಿ 1960ರ ದಶಕದಲ್ಲಿ 60 ಇತ್ತು. ಆಮೇಲೆ 40, 30, 25. 1991ರಲ್ಲಿ 10. 2012ರಲ್ಲಿ 5. 2021ರಲ್ಲಿ 3.5. ಈಗ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಸುರಕ್ಷಿತ ಎನ್ನಬಹುದಾದ ಮಟ್ಟವೇ ತಿಳಿದಿಲ್ಲ ಅಂತ. ಈ ಅಂಕಿಗಳಲ್ಲಿ ಪ್ರತಿಯೊಂದೂ ತನ್ನ ಕಾಲದಲ್ಲಿ ಮಿತಿಯಾಗಿತ್ತು. ಅದರ ಕೆಳಗಿದ್ದ ಮಗುವಿನ ತಂದೆತಾಯಿಗೆ, ಏನೂ ತೊಂದರೆ ಇಲ್ಲ ಅಂತ ಹೇಳಿ ಕಳಿಸಲಾಗಿತ್ತು.

ನಾನು ದಿನಾ ಸ್ಟುಡಿಯೋದಲ್ಲಿ ಕೂತು ಸುದ್ದಿ ಓದುತ್ತೇನೆ. ಕೆರೆ ನೊರೆ ಕಾರುತ್ತದೆ, ಕಾರ್ಖಾನೆ ಹೊಗೆ ಉಗುಳುತ್ತದೆ, ತರಕಾರಿಯಲ್ಲಿ ಏನೋ ಸಿಗುತ್ತದೆ. ಸಂಜೆಯೊಳಗೆ ಒಂದು ಸ್ಪಷ್ಟನೆ ಬರುತ್ತದೆ: ಎಲ್ಲವೂ ಮಿತಿಯೊಳಗಿದೆ, ಆತಂಕ ಬೇಡ. ಅದು ನಿಜವೂ ಇರಬಹುದು. ಹೇಳಿದವರೆಲ್ಲ ಸುಳ್ಳರು ಅಂತ ನಾನು ಅನ್ನುತ್ತಿಲ್ಲ. ಆದರೆ ಇನ್ನು ಮೇಲೆ ಆ ಮಾತು ಕೇಳಿದಾಗ ಮೂರು ಪ್ರಶ್ನೆ ಕೇಳಿ. ಆ ಮಿತಿ ಹಾಕಿದವರು ಯಾರು? ಅಳೆಯಲು ದುಡ್ಡು ಕೊಟ್ಟವರು ಯಾರು? ಯಾರ ರಕ್ತವನ್ನು ಸಾಮಾನ್ಯ ಅಂತ ಇಟ್ಟುಕೊಂಡು ಅಳೆದರು? ಕೀಹೋಗೆ ಈ ಪ್ರಶ್ನೆಗಳನ್ನು 1926ರಲ್ಲೇ ಯಾರಾದರೂ ಗಟ್ಟಿಯಾಗಿ ಕೇಳಿದ್ದರೆ, ನಮ್ಮಪ್ಪಂದಿರ ಸ್ಕೂಟರಿನ ಹೊಗೆಯಲ್ಲಿ ಸೀಸ ಇರುತ್ತಿರಲಿಲ್ಲ.